ಚಿಕ್ಕಪ್ಪ, ಆ ಖಾತ್ರಿ ಕೆಲಸದ ಫಾರ್ವರ್ಡ್ ಬಗ್ಗೆ

ಚಿಕ್ಕಪ್ಪ, ನಿನ್ನೆ ರಾತ್ರಿ ನಮ್ಮ ಮನೆಯ ಗ್ರೂಪಿಗೆ ನೀವು ಹಾಕಿದ ಫಾರ್ವರ್ಡ್ ಓದಿದೆ. ಆಗಲೇ ಒಂಬತ್ತು ಜನ ಕೈ ಮುಗಿದಿದ್ದಾರೆ. ನಾನೂ ಒಂದು ಕೈ ಮುಗಿದು ಸುಮ್ನಿರಬಹುದಿತ್ತು. ಆದರೆ ಹೊಲ ನೋಡಿಕೊಳ್ಳುವವಳು ನಾನು, ಕೂಲಿಯವರ ಜೊತೆ ದಿನಾ ಮಾತಾಡುವವಳು ನಾನು. ಉತ್ತರ ಕೊಡದಿದ್ದರೆ ನಿದ್ದೆ ಬರುವುದಿಲ್ಲ. ವಾಯ್ಸ್ ಕಳಿಸೋಣ ಅಂದರೆ ಇಲ್ಲಿ ಗಾಳಿ ಸದ್ದು ಜಾಸ್ತಿ. ಫೋನಿಗೆ ಹೇಳಿ ಟೈಪ್ ಮಾಡಿಸುತ್ತಿದ್ದೇನೆ, ಅಲ್ಲಲ್ಲಿ ತಪ್ಪು ಬಿದ್ದರೆ ಹೊಂದಿಸಿಕೊಳ್ಳಿ.

ಫಾರ್ವರ್ಡ್ ನೋಡದವರಿಗೆ ಅದರ ತಿರುಳು ಹೇಳಿಬಿಡುತ್ತೇನೆ. ನರೇಗಾ, ಅಂದರೆ ಹಳ್ಳಿಯವರ ಉದ್ಯೋಗ ಖಾತ್ರಿ, ಬರೀ ಗುಂಡಿ ತೋಡಿ ಗುಂಡಿ ಮುಚ್ಚುವ ಕೆಲಸವಂತೆ. ಅದರಿಂದ ಕೂಲಿಯವರು ಸೋಮಾರಿಗಳಾದರಂತೆ, ರೈತನಿಗೆ ಆಳು ಸಿಗುತ್ತಿಲ್ಲವಂತೆ. ಈಗ ಕೇಂದ್ರ ಸರ್ಕಾರ ಹೊಸ ಕಾಯ್ದೆ ತಂದು, ಒಂದು ಮನೆಗೆ ವರ್ಷಕ್ಕೆ ಇದ್ದ 100 ದಿನದ ಕೆಲಸವನ್ನು 125 ದಿನ ಮಾಡಿದೆ, ಅದಕ್ಕೂ ಕೆಲವರಿಗೆ ಹೊಟ್ಟೆಯುರಿಯಂತೆ.

ಮೊದಲಿಗೆ ಒಂದು ಮಾತು. 100 ದಿನ ಕೊಟ್ಟರೆ ಸೋಮಾರಿ ಆಗುವವರು 125 ದಿನ ಕೊಟ್ಟರೆ ಹೇಗೆ ಚುರುಕಾಗುತ್ತಾರೆ? ಬರೆದವರು ಒಂದನ್ನಾದರೂ ಆರಿಸಿಕೊಳ್ಳಬೇಕಿತ್ತು.

ಇರಲಿ, ಈಗ ವಿಷಯಕ್ಕೆ ಬರುತ್ತೇನೆ. 2005ರ ನರೇಗಾ ಕಾಯ್ದೆಯಲ್ಲಿ ಎಲ್ಲರಿಗೂ ಗೊತ್ತಿರುವುದು 100 ದಿನ ಅನ್ನುವ ಅಂಕಿ ಮಾತ್ರ. ಅದರ ಜೀವ ಇದ್ದದ್ದು ಬೇರೆ ಕಡೆ. ಹಳ್ಳಿಯ ಯಾವುದೇ ಮನೆಯವರು ಪಂಚಾಯಿತಿಗೆ ಹೋಗಿ "ನನಗೆ ಕೆಲಸ ಕೊಡಿ" ಅಂತ ಬರೆದು ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗವಾದರೂ, ಆಮೇಲೆ ಅರ್ಧ. ಎಷ್ಟು ಜನ ಕೇಳುತ್ತಾರೋ ಅಷ್ಟು ಕೆಲಸ, ಎಷ್ಟು ಕೆಲಸವೋ ಅಷ್ಟು ದುಡ್ಡು. ಅಂದರೆ ಲೆಕ್ಕ ಹಳ್ಳಿಯಿಂದ ಶುರುವಾಗಿ ದೆಹಲಿಗೆ ಹೋಗಬೇಕು. ಕಾಗದದ ಮೇಲಾದರೂ ಹಾಗಿತ್ತು.

ಕಾಗದದ ಮೇಲೆ ಅಂತ ಯಾಕೆ ಹೇಳಿದೆ ಗೊತ್ತಾ? ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಬರುವ ಅಕ್ಕ ಒಬ್ಬಳಿದ್ದಾಳೆ. ಎರಡು ಬೇಸಿಗೆಯ ಹಿಂದೆ ಅವಳ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ, ನಮೂನೆ 6 ಕೊಡುವುದಕ್ಕೆ. ಕೆಲಸ ಬೇಕು ಅಂತ ಕೇಳುವ ಅರ್ಜಿ ಅದು. ಅಲ್ಲಿದ್ದವರು ಅರ್ಜಿ ತಗೊಂಡರು, ಮೇಜಿನ ಡ್ರಾಯರ್‌ಗೆ ಹಾಕಿದರು. ತಾರೀಕು ಹಾಕಿ ಸ್ವೀಕೃತಿ ಕೊಡಿ ಅಂದೆ. "ಅದೆಲ್ಲಾ ಯಾಕಕ್ಕ, ಕೆಲಸ ಬಂದಾಗ ಫೋನ್ ಮಾಡ್ತೀವಿ" ಅಂದರು. ನೋಡುವುದಕ್ಕೆ ಒಂದು ಚೀಟಿ ಅಷ್ಟೇ. ಆದರೆ ಆ ಚೀಟಿಯಲ್ಲಿ ತಾರೀಕು ಇಲ್ಲದಿದ್ದರೆ 15 ದಿನ ಅನ್ನುವುದು ಶುರುವೇ ಆಗುವುದಿಲ್ಲ. 15 ದಿನ ಶುರುವಾಗದಿದ್ದರೆ ಭತ್ಯೆಯೂ ಇಲ್ಲ. ನಾವು ಅರ್ಧ ಗಂಟೆ ಅಲ್ಲೇ ನಿಂತೆವು. ಕೊನೆಗೆ ಅರ್ಜಿಯ ಜೆರಾಕ್ಸ್ ಮೇಲೆ ಒಂದು ಸಹಿ ಸಿಕ್ಕಿತು. ಆ ಅಕ್ಕ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟುಕೊಂಡಳು, ಇವತ್ತಿಗೂ ಅಲ್ಲೇ ಇದೆ.

ಹೊಸ ಕಾಯ್ದೆಯಲ್ಲಿ ನನಗೆ ಸಂಕಟ ಆಗುವುದು ಈ ಚೀಟಿಯ ವಿಷಯಕ್ಕೇ. 2025ರ ಡಿಸೆಂಬರ್‌ನಲ್ಲಿ ಮಸೂದೆ ಮಂಡಿಸಿದರು, ಅದೇ ವಾರ ಎರಡೂ ಸದನದಲ್ಲಿ ಪಾಸಾಯಿತು. ವಿಬಿ–ಜಿ ರಾಮ್ ಜಿ ಅಂತ ಹೆಸರು, "ವಿಕಸಿತ ಭಾರತ–ಗ್ಯಾರಂಟಿ ಫಾರ್ ರೋಜ್‌ಗಾರ್ ಆ್ಯಂಡ್ ಆಜೀವಿಕಾ ಮಿಷನ್ (ಗ್ರಾಮೀಣ್)" ಅನ್ನುವುದನ್ನು ಗಿಡ್ಡ ಮಾಡಿದ್ದು. ಗಾಂಧೀಜಿ ಹೆಸರು ಹೋಯಿತು ಅಂತ ಜಾಸ್ತಿ ಗಲಾಟೆ ಆಯಿತು. ನನಗೂ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಗಾಂಧೀಜಿ ಹೆಸರು ಸೇರಿದ್ದೂ 2009ರಲ್ಲೇ ಅಲ್ವಾ? ಅದಕ್ಕೂ ಮೊದಲೇ ಜನ ಒಡ್ಡು ಹಾಕಿದ್ದಾರೆ, ಕೆರೆ ಹೂಳು ಎತ್ತಿದ್ದಾರೆ. ನಮ್ಮೂರಲ್ಲಿ ಅಂದಿಗೂ ಇಂದಿಗೂ ಅದು "ಖಾತ್ರಿ ಕೆಲಸ". ಹೆಸರಿನ ಜಗಳದಲ್ಲಿ ಒಳಗಿನ ಬದಲಾವಣೆ ಬಹಳ ಜನರ ಕಣ್ಣಿಗೆ ಬೀಳಲಿಲ್ಲ.

ಒಳಗೆ ಆಗಿರುವುದು ಇಷ್ಟು. ಪ್ರತಿ ರಾಜ್ಯಕ್ಕೆ ವರ್ಷಕ್ಕೆ ಇಷ್ಟು ದುಡ್ಡು ಅಂತ ಕೇಂದ್ರವೇ ನಿಗದಿ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಖರ್ಚಾದರೆ ರಾಜ್ಯವೇ ಭರಿಸಬೇಕು. ಯಾವ ಗ್ರಾಮೀಣ ಪ್ರದೇಶದಲ್ಲಿ ಇದು ಜಾರಿ ಅನ್ನುವುದನ್ನೂ ಕೇಂದ್ರವೇ ಅಧಿಸೂಚನೆಯಲ್ಲಿ ಹೇಳುತ್ತದೆ. ಮೊದಲು ಕೂಲಿಯ ಪೂರ್ತಿ ದುಡ್ಡು ಕೇಂದ್ರದ್ದು, ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು. ಈಗ ಕರ್ನಾಟಕದಂಥ ರಾಜ್ಯಗಳಿಗೆ ಎಲ್ಲದರಲ್ಲೂ 60:40, ಅಂದರೆ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು.

ನಮ್ಮ ರಾಜ್ಯದಲ್ಲಿ 2025–26ಕ್ಕೆ ದಿನಗೂಲಿ 370 ರೂಪಾಯಿ. ಹಳೇ ಲೆಕ್ಕದಲ್ಲಿ ಆ 370 ಪೂರ್ತಿ ದೆಹಲಿಯಿಂದ ಬರಬೇಕಿತ್ತು. 60:40 ಅಂದರೆ ಅದರಲ್ಲಿ 148 ರೂಪಾಯಿ ಬೆಂಗಳೂರು ಹಾಕಬೇಕು. ಕೇಂದ್ರ ನಿಗದಿ ಮಾಡಿದ ದುಡ್ಡು ಮುಗಿದ ಮೇಲೆ ಕೆಲಸ ಕೇಳಿದವಳಿಗೆ ಪೂರ್ತಿ 370 ಬೆಂಗಳೂರೇ ಕೊಡಬೇಕು. ಈಗ ಹೇಳಿ, ಫೆಬ್ರವರಿಯಲ್ಲಿ ನಿಗದಿ ಮುಗಿಯಿತು ಅಂದುಕೊಳ್ಳಿ. ಮಾರ್ಚ್‌ನಲ್ಲಿ ನಮ್ಮ ಅಕ್ಕ ನಮೂನೆ 6 ಹಿಡಿದುಕೊಂಡು ಹೋದರೆ ಆ ಕಚೇರಿಯವರು ತಾರೀಕು ಹಾಕಿ ಚೀಟಿ ಕೊಡುತ್ತಾರಾ? ದುಡ್ಡು ಇದ್ದಾಗಲೇ ಕೊಟ್ಟವರಲ್ಲ ಅವರು.

125 ದಿನ ಅಂತ ಬರೆದದ್ದು ಒಳ್ಳೆಯದೇ. ವಾರಕ್ಕೊಮ್ಮೆ ಕೂಲಿ ಅನ್ನುವ ಮಾತೂ ಇದೆ, ಅದಾದರೆ ನಾನೇ ಮೊದಲು ಚಪ್ಪಾಳೆ ಹೊಡೆಯುತ್ತೇನೆ. ಆದರೆ 100 ದಿನ ಇದ್ದಾಗಲೂ ದೇಶದಲ್ಲಿ ಒಂದು ಮನೆಗೆ ಸರಾಸರಿ ಸಿಕ್ಕಿದ್ದು ಸುಮಾರು 50 ದಿನ. ಮನೆ ತುಂಬಾ ಅಟ್ಟ ಕಟ್ಟಿದರೆ ಆಯಿತಾ, ಅಟ್ಟಕ್ಕೆ ಜೋಳ ಬರಬೇಕಲ್ಲ. 2024–25ರ ಕೇಂದ್ರ ಬಜೆಟ್ಟಿನಲ್ಲಿ ನರೇಗಾಕ್ಕೆ 86,000 ಕೋಟಿ ಇಟ್ಟರು, 2025–26ರಲ್ಲೂ ಅದೇ 86,000 ಕೋಟಿ. ನಡುವೆ ನಮ್ಮಲ್ಲಿ ಕೂಲಿ 349ರಿಂದ 370ಕ್ಕೆ ಏರಿತು. ದುಡ್ಡು ಅಷ್ಟೇ, ಕೂಲಿ ಜಾಸ್ತಿ ಅಂದರೆ ದಿನ ಕಡಿಮೆ ಅಂತ ತಾನೇ? ಇದಕ್ಕೆ ಅರ್ಥಶಾಸ್ತ್ರ ಓದಿರಬೇಕಿಲ್ಲ.

ಬಿಟ್ಟಿ ಭಾಗ್ಯ ಅನ್ನುವ ಮಾತೂ ಆ ಫಾರ್ವರ್ಡ್‌ನಲ್ಲಿತ್ತು. ಬಿಸಿಲಲ್ಲಿ ಮಣ್ಣು ಅಗೆದು, ಟೇಪ್ ಹಿಡಿದು ಅಳತೆ ಮಾಡಿಸಿಕೊಂಡು, ಅಳತೆ ಕಡಿಮೆ ಬಂದರೆ ಕೂಲಿಯೂ ಕಡಿಮೆ ತಗೊಳ್ಳುವುದು ಬಿಟ್ಟಿ ಹೇಗಾಗುತ್ತದೆ? 2019ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಂಪನಿಗಳ ಮೂಲ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದರು. ಅದರಿಂದ ಖಜಾನೆಗೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಆವತ್ತು ಹೇಳಿದ್ದು ಹಣಕಾಸು ಸಚಿವರೇ. ಅದನ್ನು ಈ ಗ್ರೂಪಿನಲ್ಲಿ ಯಾರೂ ಬಿಟ್ಟಿ ಅನ್ನಲಿಲ್ಲ. "ಸುಧಾರಣೆ" ಅಂತ ನೀವೇ ಒಂದು ಲಿಂಕ್ ಹಾಕಿದ್ದಿರಿ.

ಸೋಮಾರಿ ವಿಷಯಕ್ಕೆ ಇನ್ನೊಂದು ನೆನಪು. 2015ರಲ್ಲಿ ಲೋಕಸಭೆಯಲ್ಲಿ ಪ್ರಧಾನಿಯವರು ನರೇಗಾ ಅನ್ನುವುದು ಕಾಂಗ್ರೆಸ್ಸಿನ ವೈಫಲ್ಯದ ಸ್ಮಾರಕ ಅಂತ ಗೇಲಿ ಮಾಡಿದ್ದರು. 2020ರಲ್ಲಿ ಲಾಕ್‌ಡೌನ್ ಬಂತು. ಅದೇ ಸರ್ಕಾರ ಬಜೆಟ್ಟಿನ 61,500 ಕೋಟಿಯ ಮೇಲೆ ಇನ್ನೂ 40,000 ಕೋಟಿ ಕೊಡಬೇಕಾಯಿತು. ಆ ವರ್ಷ ಸುಮಾರು ಏಳೂವರೆ ಕೋಟಿ ಮನೆಗಳು ಕೆಲಸ ಮಾಡಿದವು. ನಮ್ಮ ಊರಿನ ಕೆರೆಯಲ್ಲಿ ಆ ಬೇಸಿಗೆ ಜಾತ್ರೆ ಇದ್ದ ಹಾಗಿತ್ತು. ಬೆಂಗಳೂರಿನಿಂದ, ಪುಣೆಯಿಂದ ವಾಪಸ್ ಬಂದವರೆಲ್ಲ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಅದರಲ್ಲಿ ಬಿಇ ಓದಿದ ನಮ್ಮ ಮನೆಯ ಹುಡುಗನೂ ಇದ್ದ. ಹೆಸರು ಹೇಳುವುದಿಲ್ಲ, ಈ ಗ್ರೂಪಿನಲ್ಲೇ ಇದ್ದಾನೆ. ನಿನ್ನೆ ಕೈ ಮುಗಿದವರಲ್ಲಿ ಅವನೂ ಒಬ್ಬ. ಏನಪ್ಪಾ, ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದು ಮರೆತೆಯಾ?

ಈಗ ನಮ್ಮ ಮನೆಗೇ ತಾಗುವ ಮಾತು. ಹೊಸ ಕಾಯ್ದೆಯಲ್ಲಿ ಬಿತ್ತನೆ, ಸುಗ್ಗಿ ಜೋರಿರುವ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕು ಅಂತಿದೆ. ರೈತನಿಗೆ ಆಳು ಸಿಗಲಿ ಅಂತ. ಚಿಕ್ಕಪ್ಪ, ಆ ರೈತ ಅಂದರೆ ನಾವೇ. ನಮ್ಮ ಅನುಕೂಲಕ್ಕೇ ಮಾಡಿದ್ದು. ಹಾಗಾದರೆ ನಾನು ಯಾಕೆ ಬೇಡ ಅನ್ನುತ್ತೇನೆ?

ಮೊದಲನೆಯದಾಗಿ, ನಮ್ಮ ಕಡೆ ಖಾತ್ರಿ ಕೆಲಸ ಜೋರಾಗುವುದು ಯುಗಾದಿ ಆದ ಮೇಲೆ. ಆಗ ಹೊಲ ಬಾಯಿ ಬಿಟ್ಟುಕೊಂಡು ಮಲಗಿರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ, ತೊಗರಿ ಕೊಯ್ಯುವ ಕಾಲಕ್ಕೆ ಯಾವ ಹೆಂಗಸು ನಮ್ಮ ಹೊಲ ಬಿಟ್ಟು ಒಡ್ಡಿನ ಕೆಲಸಕ್ಕೆ ಹೋಗಿದ್ದಾಳೆ? ಆಳು ಸಿಗದಿರುವುದು ನಿಜ. ಅವರು ಖಾತ್ರಿಗೆ ಹೋಗಿದ್ದಾರೆ ಅನ್ನುವುದು ಸುಳ್ಳು. ಗುಳೆ ಹೋಗಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟ್ ಹಿಂದೆ ಹೊಸ ಟವರ್ ಏಳುತ್ತಿದೆಯಲ್ಲ, ಅಲ್ಲಿ ನೀಲಿ ತಗಡಿನ ಶೆಡ್‌ಗಳಿವೆಯಲ್ಲ, ಹೋಗಿ ಕೇಳಿ ನೋಡಿ. ದೇವದುರ್ಗ, ಸುರಪುರ, ಶಹಾಪುರ ಅನ್ನುವವರು ಸಿಗುತ್ತಾರೆ.

ಎರಡನೆಯದು ಸ್ವಲ್ಪ ಕಹಿ. ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ನಮ್ಮ ಹೊಲದಲ್ಲಿ ಹೆಣ್ಣಾಳಿಗೆ ಒಂದು ರೇಟು, ಗಂಡಾಳಿಗೆ ಒಂದು ರೇಟು. ಅಜ್ಜನ ಕಾಲದಿಂದ ಹಾಗೇ. ಖಾತ್ರಿ ಬಂದ ಮೇಲೆ ಆ ಅಕ್ಕ ಒಂದು ದಿನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾ ಅಪ್ಪನಿಗೆ ಹೇಳಿದಳು, "ಅಲ್ಲಿ ಅಷ್ಟು ಕೊಡ್ತಾರೆ ಗೌಡ್ರೇ, ನೀವು ಇಷ್ಟೇ ಕೊಟ್ರೆ ಹೆಂಗೆ?" ದನಿ ಎತ್ತರಿಸಲಿಲ್ಲ, ರೊಟ್ಟಿ ಮುರಿಯುತ್ತಲೇ ಕೇಳಿದಳು. ಅಪ್ಪ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮೂರನೇ ದಿನ ಜಾಸ್ತಿ ಕೊಟ್ಟರು. ನಮ್ಮಂಥವರು ಖಾತ್ರಿಯನ್ನು ಬೈಯುವುದಕ್ಕೆ ನಿಜವಾದ ಕಾರಣ ಇದೇ. ಆಳು ಸಿಗುವುದಿಲ್ಲ ಅಂತಲ್ಲ, ಹಳೇ ರೇಟಿಗೆ ಸಿಗುವುದಿಲ್ಲ ಅಂತ. ಆ 60 ದಿನದಲ್ಲಿ ಅವಳಿಗೆ "ಅಲ್ಲಿ ಅಷ್ಟು ಕೊಡ್ತಾರೆ" ಅನ್ನುವ ಮಾತೇ ಇರುವುದಿಲ್ಲ.

ಕಳ್ಳತನ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಬೋಗಸ್ ಜಾಬ್ ಕಾರ್ಡ್ ಇದೆ. ಯಂತ್ರ ಬಳಸಬಾರದು ಅಂತ ಕಾಯ್ದೆಯಲ್ಲಿದ್ದರೂ ರಾತ್ರಿ ಜೆಸಿಬಿ ಬಂದು ಹೋಗುವುದನ್ನು ನಾನೇ ನೋಡಿದ್ದೇನೆ. ಇದಕ್ಕೆ ಮದ್ದು ಅಂತಲೇ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ, ಅಂದರೆ ಊರವರೇ ಕೆಲಸ, ಲೆಕ್ಕ ಪರೀಕ್ಷೆ ಮಾಡುವುದು, ಕಾಯ್ದೆಯಲ್ಲೇ ಇತ್ತು. ಅದಕ್ಕೆ ಬಲ ಕೊಡುವ ಬದಲು ಏನು ಮಾಡಿದರು? 2023ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೋ ಕಡ್ಡಾಯ ಮಾಡಿದರು. ನಮ್ಮ ಗುಡ್ಡದ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ. ಕೆಲಸದ ಜಾಗದಲ್ಲಿ ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಹುಡುಗಿ ಫೋನ್ ಎತ್ತಿ ಹಿಡಿದುಕೊಂಡು ಬಂಡೆ ಹತ್ತುತ್ತಾಳೆ. ಬೆಳಿಗ್ಗೆಯೇ ಅಗೆದು ಮುಗಿಸಿದ ಹೆಂಗಸರು ಮಧ್ಯಾಹ್ನದ ಫೋಟೋಗಾಗಿ ಜಾಲಿ ಗಿಡದ ನೆರಳಲ್ಲಿ ಕಾಯುತ್ತಾರೆ. ರಾತ್ರಿ ಬರುವ ಜೆಸಿಬಿಯ ಫೋಟೋ ಯಾವ ಆ್ಯಪ್‌ನಲ್ಲೂ ಇಲ್ಲ.

ಕಳ್ಳತನದ ಹೆಸರಲ್ಲಿ ನಲ್ಲಿ ತಿರುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬಂಗಾಳ ನೋಡಿ. ಅಕ್ರಮ ಆಗಿದೆ ಅಂತ 2022ರಲ್ಲಿ ಇಡೀ ರಾಜ್ಯಕ್ಕೆ ದುಡ್ಡು ನಿಲ್ಲಿಸಿದರು. ತಪ್ಪು ಮಾಡಿದವರನ್ನು ಹಿಡಿಯಲಿ, ಯಾರು ಬೇಡ ಅಂದರು? ಏಟು ಬಿದ್ದದ್ದು ಕೂಲಿ ಮಾಡಿದವರ ಮೇಲೆ. ಮೂರು ವರ್ಷ ಕಳೆದ ಮೇಲೆ, 2025ರ ಜೂನ್‌ನಲ್ಲಿ, ಆಗಸ್ಟ್ 1ರಿಂದ ಮತ್ತೆ ಶುರು ಮಾಡಿ ಅಂತ ಕಲ್ಕತ್ತಾ ಹೈಕೋರ್ಟ್ ಹೇಳಬೇಕಾಯಿತು. ಆವಾಗ ಕೈಯಲ್ಲಿ ಹಳೇ ಕಾಯ್ದೆ ಇತ್ತು, ಕೋರ್ಟಿಗೆ ಹೋಗಲು ಒಂದು ಹಿಡಿ ಇತ್ತು.

ನಾನು ಕಾಂಗ್ರೆಸ್ಸಿನ ಪರ ಅಂತ ದೊಡ್ಡಣ್ಣ ಈಗಾಗಲೇ ಟೈಪ್ ಮಾಡುತ್ತಿರಬಹುದು. ಅಣ್ಣ, ತಡೆ. ನರೇಗಾ ಕೂಲಿ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು ಅಂತ 2011ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿತ್ತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಯಾರು? ಮನಮೋಹನ್ ಸಿಂಗ್ ಸರ್ಕಾರವೇ, ಇದೇ ಕಾಯ್ದೆ ತಂದವರೇ. ಬಡವರ ಕೂಲಿ ಅಂದಾಗ ಜಿಪುಣತನ ಮಾಡುವುದರಲ್ಲಿ ಪಕ್ಷಭೇದ ಇಲ್ಲ. ನಮ್ಮ ರಾಜ್ಯ ಸರ್ಕಾರ ಇವತ್ತು ಹೊಸ ಕಾಯ್ದೆಯನ್ನು ಬೈಯುತ್ತಿದೆ, ಬೈಯಲಿ. ಆದರೆ ನಮೂನೆ 6ಕ್ಕೆ ತಾರೀಕು ಹಾಕಿ ಚೀಟಿ ಕೊಡಬೇಕಾದವರು ಅವರ ಕೈಕೆಳಗಿನವರೇ.

ಇಷ್ಟೆಲ್ಲಾ ಹೇಳಿದ್ದಕ್ಕೆ ಸಿಟ್ಟಾಗಬೇಡಿ ಚಿಕ್ಕಪ್ಪ. ನೀವು ಆ ಫಾರ್ವರ್ಡ್ ಬರೆದವರಲ್ಲ, ಕಳಿಸಿದವರು ಅಷ್ಟೇ. ಇಲ್ಲಿ ನಿಂತು ನೋಡಿದ್ದರೆ ನೀವೂ ಕಳಿಸುತ್ತಿರಲಿಲ್ಲ ಅಂತ ನನಗನಿಸುತ್ತದೆ. ಚಿಕ್ಕವರಿದ್ದಾಗ ಕೂಲಿಯವರ ಮಕ್ಕಳ ಜೊತೆ ಅದೇ ಕೆರೆಯಲ್ಲಿ ಈಜಿದವರು ನೀವು.

ಆಮೇಲೆ, ತೊಗರಿ ದುಡ್ಡು ಬಂದಿದೆ. ನಿಮ್ಮ ಪಾಲು ಸೋಮವಾರ ಹಾಕುತ್ತೇನೆ. ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಬ್ಯಾಂಕಿನ ತಪ್ಪು ಅಂದುಕೊಳ್ಳಬೇಡಿ. ಈ ಸಲ ಹೆಣ್ಣಾಳಿಗೂ ಗಂಡಾಳಿನ ರೇಟೇ ಕೊಟ್ಟಿದ್ದೇನೆ. ಅಪ್ಪನಿಗೆ ಇನ್ನೂ ಪೂರ್ತಿ ಲೆಕ್ಕ ತೋರಿಸಿಲ್ಲ, ನೀವೂ ಈಗಲೇ ಫೋನ್ ಮಾಡಿ ಹೇಳಬೇಡಿ.