15 ಮಂದಿಗೆ ಗಿರಮಿಟ್ ಮಾಡೂದು ಹ್ಯಾಂಗ? ತಿನ್ನೂದ್ರಾಗ ಮೆತ್ತಗಾಗಬಾರ್ದು

ಉಣಕಲ್_ದಂಡಿ

ಎಲ್ಲಾರಿಗೂ ನಮಸ್ಕಾರ್ರಿ. ರವಿವಾರ ಸಂಜಿಮುಂದ ದೋಸ್ತರು 15 ಮಂದಿ ಮನ್ಯಾಗ ಕೂಡೋರದಾರ. ಗಿರಮಿಟ್ (ಗೊಜ್ಜು ಹಾಕಿ ಕಲಸಿದ ಚುರುಮುರಿ), ಮಿರ್ಚಿ ಭಜಿ, ಚಾ, ಅಷ್ಟ. ಹುಬ್ಬಳ್ಳಿ ದುರ್ಗದ ಬೈಲಿನಿಂದ ಕಟ್ಟಿಸ್ಕೊಂಡು ಬಾ ಅನ್ನಬ್ಯಾಡ್ರಿ, ಉಣಕಲ್ ಮುಟ್ಟೂದ್ರಾಗ ಗಿರಮಿಟ್ ಹೋಗಿ ಸುಸಲಾ (ನೆನಸಿದ ಚುರುಮುರಿ ಒಗ್ಗರಣಿ) ಆಗಿರ್ತೈತಿ.

ಚುರುಮುರಿ ಎಷ್ಟು ತರಬೇಕು? ಕಲಸಿ ಹತ್ತು ನಿಮಿಷಕ್ಕ ಮೆತ್ತಗಾಗ್ತೈತಲ್ಲ, ಅದು ಯಾಕ? ಮತ್ತ ಮಿರ್ಚಿ ಎಣ್ಣ್ಯಾಗ ಬಿಟ್ಟ ಕೂಡ್ಲೆ ಹಿಟ್ಟೊಂದ್ ಕಡೆ, ಕಾಯಿ ಒಂದ್ ಕಡೆ ಹೋಗ್ತೈತಿ. "ಅಂದಾಜಿನ ಮ್ಯಾಲೆ ಹಾಕ್ರಿ" ಅನ್ನೂ ಉತ್ತರ ಬ್ಯಾಡ್ರಿ, ಗ್ರಾಂ ಲೆಕ್ಕದಾಗ ಹೇಳ್ರಿ.

ಸಾಧನಕೇರಿ_ಸಂಜಿ

ತಮ್ಮಾ, ಒಬ್ಬರಿಗೆ 50 ಗ್ರಾಂ ಚುರುಮುರಿ ಹಿಡಿ. 15 ಮಂದಿಗೆ ಮುಕ್ಕಾಲು ಕೆಜಿ. ಮಿರ್ಚಿನೂ ಇರೂದ್ರಿಂದ ಇಷ್ಟು ಸಾಕು, ಆದ್ರ ಒಂದು ಕೆಜಿನ ತಗೊ. ಉಳಿದ್ರ ಡಬ್ಬ್ಯಾಗ ಇರ್ತೈತಿ, ಕಡಿಮಿ ಬಿದ್ರ ಮರ್ಯಾದಿ ಹೋಗ್ತೈತಿ.

ಗಿರಮಿಟ್ ಕೆಡೂದು ಚುರುಮುರಿಯಿಂದ ಅಲ್ಲ, ಗೊಜ್ಜಿನಿಂದ. ಗೊಜ್ಜಿನ್ಯಾಗ ನೀರು ಉಳಿದಿತ್ತಂದ್ರ ಆ ನೀರನ್ನ ಚುರುಮುರಿ ಕುಡೀತೈತಿ. ಗೊಜ್ಜಿನ್ಯಾಗ ಎಣ್ಣಿ ಮ್ಯಾಲೆ ತೇಲಿತ್ತಂದ್ರ ಆ ಎಣ್ಣಿ ಕಾಳಿಗೆ ಸವರಿದಂಗಾಗಿ ಸ್ವಲ್ಪ ಹೊತ್ತು ತಡೀತೈತಿ. ಎಣ್ಣಿ ಹಾಕಾಕ ಕೈ ಹಿಂದ್ ಮುಂದ್ ನೋಡೋರ ಗಿರಮಿಟ್ ಬ್ಯಾಗ ಮೆತ್ತಗಾಗೂದು ಇದಕ್ಕ.

750 ಗ್ರಾಂ ಚುರುಮುರಿಗೆ ಲೆಕ್ಕ ಬರ್ಕೊ: ಎಣ್ಣಿ 150 ಮಿಲಿ, ಉಳ್ಳಾಗಡ್ಡಿ ಅರ್ಧ ಕೆಜಿ ಸಣ್ಣಗ ಹೆಚ್ಚಿದ್ದು, ಹಸಿಮೆಣಸಿನಕಾಯಿ 12, ಬಳ್ಳೊಳ್ಳಿ 15 ಎಸಳು, ಹುಣಸಿಹಣ್ಣು 75 ಗ್ರಾಂ, ಬೆಲ್ಲ 60 ಗ್ರಾಂ, ಅರಿಷಿಣ ಒಂದು ಚಮಚ, ಸಾಸಿವಿ, ಜೀರಗಿ, ಕರಿಬೇವು ಎರಡು ಕಡ್ಡಿ. ಹುಣಸಿಹಣ್ಣನ್ನ 300 ಮಿಲಿ ಬಿಸಿನೀರಿನ್ಯಾಗ ಅರ್ಧ ತಾಸು ನೆನಸಿ, ಹಿಂಡಿ, ಸೋಸಿ ಇಟ್ಕೊ.

ಒಗ್ಗರಣಿ ಸಿಡಿದ ಮ್ಯಾಲೆ ಮೆಣಸಿನಕಾಯಿ, ಬಳ್ಳೊಳ್ಳಿ ಜಜ್ಜಿ ಹಾಕು. ಆಮ್ಯಾಲೆ ಉಳ್ಳಾಗಡ್ಡಿ. ಕೆಂಪಗ ಹುರಿಯೂದು ಬ್ಯಾಡ, ಕನ್ನಡಿ ಹಂಗ ಆಗಿ ಮೆತ್ತಗಾದ್ರ ಸಾಕು. ಅರಿಷಿಣ ಹಾಕಿ, ಹುಣಸಿರಸ ಬಿಟ್ಟು, ಉರಿ ನಡುವಿನ ಮಟ್ಟಕ್ಕ ಇಟ್ಟು ಕುದಸು. ಮೊದಲ ದೊಡ್ಡ ದೊಡ್ಡ ಗುಳ್ಳಿ ಏಳ್ತಾವು. ನೀರು ಇಂಗಿದಂಗ ಗುಳ್ಳಿ ಸಣ್ಣಾಗ್ತಾವು, ಸಪ್ಪಳ ಬದಲಾಗ್ತೈತಿ, ಅಂಚಿನ್ಯಾಗ ಎಣ್ಣಿ ಬಿಡ್ತೈತಿ. ಬೆಲ್ಲ ಹಾಕೂದು ಆವಾಗ. ಮೊದಲ ಹಾಕಿದ್ರ ತಳ ಹಿಡೀತೈತಿ. ಸೌಟಿನಿಂದ ನಡುವ ಗೆರಿ ಎಳದ್ರ ಆ ಗೆರಿ ಕೂಡ್ಲೆ ಮುಚ್ಚಬಾರ್ದು, ಅದ ಹದ.

ಉಪ್ಪು ಮಾತ್ರ ಕಡಿಮಿ, ಒಂದೂವರೆ ಚಮಚ. ಚುರುಮುರಿ ಹುರಿಯೂ ಮುಂದನ ಅದಕ್ಕ ಉಪ್ಪು ಬಿದ್ದಿರ್ತೈತಿ.

ಗೊಜ್ಜು ಪೂರ್ತಿ ಆರಬೇಕು. ಬಿಸಿ ಇದ್ದಾಗ ಕಲಸಿದ್ರ ಅದರ ಹಬಿಗೇ ಚುರುಮುರಿ ಮೆತ್ತಗಾಗ್ತೈತಿ.

ಗದಗಿನ_ಗಾಳಿ

ಅಕ್ಕಾರ ಹೇಳಿದ ಗೊಜ್ಜಿಗೆ ನನ್ನ ತಕರಾರಿಲ್ಲ. ಆದ್ರ ಪುಟಾಣಿ (ಹುರಿಗಡಲಿ) ಹಿಟ್ಟು ಬಿಟ್ಟೇ ಬಿಟ್ರಲ್ರಿ! ಪುಟಾಣಿ ಇಲ್ಲದ್ದು ಗಿರಮಿಟ್ ಅಲ್ಲ, ಒಗ್ಗರಣಿ ಚುರುಮುರಿ. 150 ಗ್ರಾಂ ಪುಟಾಣಿ ನುಣ್ಣಗ ಪುಡಿ ಮಾಡ್ಕೊಳ್ರಿ. ರುಚಿಗಷ್ಟ ಅಲ್ಲ, ಹೆಚ್ಚಿನ ಪಸಿ ಎಲ್ಲಾ ಅದು ಹೀರ್ತೈತಿ.

ಕೆಲವರು ಪುಟಾಣಿ ಹಿಟ್ಟನ್ನ ಗೊಜ್ಜಿನ್ಯಾಗನ ಕಲಸಿ ಇಟ್ಟಿರ್ತಾರ. ಅದು ತಪ್ಪು. ಗೊಜ್ಜು ಕಣಕದಂಗ ಗಟ್ಟಿ ಆಗಿ, ಕಲಸೂ ಮುಂದ ಉಂಡಿ ಉಂಡಿ ಆಗಿ ಕೂಡ್ತೈತಿ. ಒಂದು ತುತ್ತು ಹುಳಿ, ಮುಂದಿನ ತುತ್ತು ಸಪ್ಪ. ಮೊದಲ ಚುರುಮುರಿಗೆ ಗೊಜ್ಜು, ಕೈಲೆ ಕೆಳಗ ಮ್ಯಾಲೆ ಮಾಡಿ ಎಲ್ಲಾ ಕಾಳು ಹಳದಿ ಆದ ಮ್ಯಾಲೆ ಪುಟಾಣಿ ಹಿಟ್ಟು ಉದುರಸ್ರಿ. ಆಮ್ಯಾಲೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತಂಬ್ರಿ. ಸೇವ್ ಪ್ಲೇಟಿಗೆ ಹಾಕಿದ ಮ್ಯಾಲೆ.

ಟೊಮೆಟೊ ಬೀಜ, ರಸ ತಗದು ಬರೇ ತಿರುಳು ಹೆಚ್ಚರಿ. ಹಸಿ ಉಳ್ಳಾಗಡ್ಡಿಗೆ ಮುಂಚೆನ ಉಪ್ಪು ಹಚ್ಚಿ ಇಡಬ್ಯಾಡ್ರಿ, ನೀರು ಬಿಡ್ತೈತಿ.

15 ಮಂದಿದು ಒಮ್ಮೆಲೆ ಕಲಸೂದು ಹುಚ್ಚತನ. ಐದೈದು ಪ್ಲೇಟ್ ಮಾಡ್ರಿ: 250 ಗ್ರಾಂ ಚುರುಮುರಿ, ಗೊಜ್ಜಿನ ಮೂರನೇ ಒಂದು ಪಾಲು, 50 ಗ್ರಾಂ ಪುಟಾಣಿ. 250 ಗ್ರಾಂ ಅಂದ್ರ ಕಡಿಮಿ ಅನಸ್ತೈತಿ, ಆದ್ರ ಪಾತೇಲಿ ತುಂಬ ಬರ್ತೈತಿ. ಅಗಲ ಬಾಯಿದು, ಆರೇಳು ಲೀಟರಿಂದು ಪಾತ್ರೆ ಬೇಕು. ಇಕ್ಕಟ್ಟಿನ್ಯಾಗ ಕಲಸಿದ್ರ ಚುರುಮುರಿ ಪುಡಿ ಆಗ್ತೈತಿ.

ಮಳಿಗಾಲದಾಗ ತಂದ ಚುರುಮುರಿ ಅಂಗಡ್ಯಾಗನ ಪಸಿ ಹಿಡಿದಿರ್ತೈತಿ. ಎರಡು ಕಾಳು ಬಾಯಾಗ ಹಾಕ್ರಿ. ಕರ್ ಅನ್ನಲಿಲ್ಲಂದ್ರ ದಪ್ಪ ತಳದ ಪಾತೇಲ್ಯಾಗ ಎಣ್ಣಿ ಇಲ್ದ ಸಣ್ಣ ಉರಿ ಮ್ಯಾಲೆ ನಾಕೈದು ನಿಮಿಷ ಕೈಯಾಡಿಸಿ, ಹಾಳಿ ಮ್ಯಾಲೆ ಹರವಿ ಆರಸ್ರಿ.

ಬ್ಯಾಡಗಿ_ಕಡ್ಡಿ

ಮಿರ್ಚಿ ನನಗ ಬಿಡ್ರಿ. ನನ್ನ ಹೆಸರು ನೋಡಿ ಬ್ಯಾಡಗಿ ಮೆಣಸಿನಕಾಯಿ ಹಾಕಬೇಕೇನು ಅಂತ ಕೇಳಬ್ಯಾಡ್ರಿ ಮತ್ತ. ಅದು ಒಣಗಿಸಿ ಬಣ್ಣಕ್ಕ ಹಾಕೂದು. ಮಿರ್ಚಿಗೆ ಉದ್ದನ್ನ ಹಸಿಕಾಯಿ. ಖಾರ ತಡಿಯೋರಿಗೆ ದಟ್ಟ ಹಸಿರಿಂದು, ಉಳಿದವರಿಗೆ ತಿಳಿ ಹಸಿರಿನ ಬಜಿ ಮೆಣಸಿನಕಾಯಿ. ಒಬ್ಬರಿಗೆ ಎರಡರಂಗ 30.

ಹಿಟ್ಟು ಬಿಚ್ಚೂದು ಯಾಕಂದ್ರ ಕಾಯಿ ಹಸಿ ಇರ್ತೈತಿ. ತೊಳದು, ಅರಬಿಲೆ ಒರಸಿ, ಅರ್ಧ ತಾಸು ಗಾಳಿಗೆ ಬಿಡ್ರಿ. ತೊಟ್ಟು ತಗೀಬ್ಯಾಡ್ರಿ, ಹಿಡಕೊಂಡು ಅದ್ದಾಕ ಬೇಕು. ಒಂದ್ ಕಡೆ ಉದ್ದಕ ಸೀಳ್ರಿ. ಸೀಳದ ಹಂಗ ಬಿಟ್ರ ಒಳಗಿನ ಹಬಿಗೆ ಜಾಗ ಇರಂಗಿಲ್ಲ, ಎಣ್ಣ್ಯಾಗ ಸಿಡೀತೈತಿ, ಮಾರಿಗೆ ಹಾರ್ತೈತಿ. ಸೀಳಿದಲ್ಲಿ ಜೀರಗಿ ಪುಡಿ, ಉಪ್ಪು ಸವರ್ರಿ.

ಅರ್ಧ ಕೆಜಿ ಕಡ್ಲಿಹಿಟ್ಟು, ಅಕ್ಕಿಹಿಟ್ಟು ಎರಡು ದೊಡ್ಡ ಚಮಚ, ಓಂಕಾಳು ಒಂದು ಚಮಚ ಅಂಗೈಯಾಗ ತಿಕ್ಕಿ, ಉಪ್ಪು, ಕಾಲು ಚಮಚ ಸೋಡಾ, ಕಾದ ಎಣ್ಣಿ ಎರಡು ಚಮಚ. ನೀರು ಅರ್ಧ ಲೀಟರ್ ಹತ್ತಿರ ಹಿಡೀತೈತಿ, ಆದ್ರ ಸ್ವಲ್ಪ ಸ್ವಲ್ಪ ಹಾಕ್ಕೋತ ಹೋಗ್ರಿ. ಮೊದಲ ಗಟ್ಟಿಗೆ ಕಲಸಿ ಗಂಟು ಒಡದು ಆಮ್ಯಾಲೆ ತೆಳ್ಳಗ ಮಾಡ್ರಿ. ಚಮಚದ ಬೆನ್ನು ಅದ್ದಿ ಎತ್ತಿದ್ರ ಚಮಚ ಕಾಣಬಾರ್ದು, ಹಿಟ್ಟು ದಾರದಂಗ ಹರೀಬಾರ್ದು. ಸೋಡಾ ಕಡೀಕ, ಎಣ್ಣಿ ಕಾದ ಮ್ಯಾಲೆ.

ಸೋಡಾ ಜಾಸ್ತಿ ಆದ್ರ ಮಿರ್ಚಿ ಉಬ್ಬತೈತಿ, ಎಣ್ಣಿ ಕುಡೀತೈತಿ. ಎಣ್ಣಿ ಸರಿಯಾಗಿ ಕಾದಿಲ್ಲಂದ್ರೂ ಹಂಗ. ಒಂದು ಹನಿ ಹಿಟ್ಟು ಬಿಡ್ರಿ: ತಳಕ್ಕ ಹೋಗಿ ಕೂಡ್ಲೆ ಮ್ಯಾಲೆ ಬರಬೇಕು, ಕೆಂಪಾಗಬಾರ್ದು. ಒಂದು ಘಾಣಕ್ಕ (ಒಮ್ಮೆ ಎಣ್ಣ್ಯಾಗ ಬಿಡೂದಕ್ಕ) ಐದಾರು, ಅಷ್ಟ. ಹೆಚ್ಚು ಬಿಟ್ರ ಎಣ್ಣಿ ತಣ್ಣಗಾಗ್ತೈತಿ.

ಉಣಕಲ್_ದಂಡಿ

ಇಷ್ಟು ಖುಲಾಸ ಯಾರೂ ಹೇಳಿದ್ದಿಲ್ಲ ಬಿಡ್ರಿ. ಇನ್ನೆರಡು ಕೇಳಿಬಿಡ್ತೀನಿ. ಗೊಜ್ಜು ಶನಿವಾರ ರಾತ್ರಿನ ಮಾಡಿ ಇಟ್ರ ನಡೀತೈತೇನು? ಅಲ್ಲ (ಶುಂಠಿ) ಹಾಕಿದ ಚಾ ಒಮ್ಮೊಮ್ಮೆ ಒಡೀತೈತಲ್ಲ, ಅದಕ್ಕೇನು ಮಾಡೂದು?

ಸಾಧನಕೇರಿ_ಸಂಜಿ

ಗೊಜ್ಜು ಧಾರಾಳ ನಡೀತೈತಿ, ಮರುದಿನ ಹುಳಿ, ಸಿಹಿ ಇನ್ನೂ ಚೊಲೋ ಕೂಡ್ತಾವು. ಫ್ರಿಜ್ಜಿನ್ಯಾಗ ಮುಚ್ಚಿ ಇಡು, ಕಲಸೂ ಎರಡು ತಾಸು ಮೊದಲ ಹೊರಗ ತಗಿ. ಮುಚ್ಚಳದಿಂದ ನೀರು ಇಳಿದಿದ್ರ ಮತ್ತ ಐದು ನಿಮಿಷ ಕಾಸಿ ಆರಸು.

ಚಾ ಒಡಿಯೂದು ಹಸಿ ಅಲ್ಲದಿಂದ. ಅದನ್ನ ಸೀದಾ ಹಾಲಿಗೆ ಹಾಕಬಾರ್ದು. 700 ಮಿಲಿ ನೀರಿಗೆ ಜಜ್ಜಿದ ಅಲ್ಲ ಹಾಕಿ ನಾಕೈದು ನಿಮಿಷ ಕುದಸು, ಸಕ್ರಿ, ಚಾಪುಡಿ ಹಾಕು, ಆಮ್ಯಾಲೆ ಬ್ಯಾರೆ ಕಾಸಿದ ಬಿಸಿ ಹಾಲು ಒಂದು ಲೀಟರ್. ಸಣ್ಣ ಕಪ್ಪಿನ್ಯಾಗ 15 ಮಂದಿಗೆ ಸರಿ ಹೋಗ್ತೈತಿ.

ಗದಗಿನ_ಗಾಳಿ

ಕಡ್ಲಿಹಿಟ್ಟು ಉಳಿದ್ರ ಚೆಲ್ಲಬ್ಯಾಡ್ರಿ, ಬದನಿಕಾಯಿ ಭಜಿ ಮಾಡ್ರಿ. ಗದಗದಾಗ ಮಿರ್ಚಿಕಿಂತ ಅದಕ್ಕ ಮಾನ ಜಾಸ್ತಿ. ಹೆಚ್ಚಿದ ಬದನಿಕಾಯಿ ಉಪ್ಪುನೀರಿನ್ಯಾಗ ಇಡ್ರಿ, ಕಪ್ಪಾಗಂಗಿಲ್ಲ. ಅದ್ದೂ ಮುಂದ ಒರಸ್ರಿ.

ಬ್ಯಾಡಗಿ_ಕಡ್ಡಿ

ಉಣಕಲ್ದವರ, ಇನ್ನೊಂದು ಮಾತು. ಕರಿಯಾಕ ಒಬ್ಬರು, ಕಲಸಾಕ ಇನ್ನೊಬ್ಬರು ನಿಂದ್ರಬೇಕು. ಮಿರ್ಚಿ ಎರಡನೇ ಘಾಣ ಎಣ್ಣ್ಯಾಗ ಬಿದ್ದಾಗ ಮೊದಲನೇ ಐದು ಪ್ಲೇಟ್ ಕಲಸಾಕ ಚಾಲೂ ಮಾಡ್ರಿ. ಗಿರಮಿಟ್ ಕಲಸಿ ಇಟ್ಟು ಮಿರ್ಚಿಗೆ ಕಾಯೂದಲ್ಲ.