ಪೊಕ್ಲೇನ್‌ನಿಂದ ಇಳಿಯುವಾಗ ಜಾರುತ್ತಿದೆ, ನೀವು ಹೇಗೆ ಇಳಿಯುತ್ತೀರಿ?

ಕೇಳಿದ್ದು: ನಾನು ಇಂಡಿ ತಾಲೂಕಿನವನು. ಪುಣೆಯ ಹಿಂಜವಡಿಯಲ್ಲಿ ಪೊಕ್ಲೇನ್ (ಚೈನಿನ ಮೇಲೆ ಓಡುವ, ಮಣ್ಣು ಅಗೆಯುವ ಯಂತ್ರ) ನಡೆಸಲು ಕಲಿಯುತ್ತಿದ್ದೇನೆ. ಮಳೆ ಶುರುವಾದ ಮೇಲೆ ಇಳಿಯುವಾಗ ಎರಡು ಸಲ ಜಾರಿದೆ. ಅನುಭವ ಇದ್ದವರು ಹೇಳಿ.

ಆಪರೇಟರ್, ವಾಕಡ್: ತಮ್ಮಾ, ಹತ್ತುವಾಗ ಇರುವ ಎಚ್ಚರ ಇಳಿಯುವಾಗ ಇರುವುದಿಲ್ಲ. ಕೂತು ಕೂತು ಕಾಲು ಜೋಮು ಹಿಡಿದಿರುತ್ತದೆ, ಊಟದ ಅವಸರ ಬೇರೆ. ನಾನು ಜೆಸಿಬಿಯಿಂದ ದಿನಾ ಧುಮುಕುತ್ತಿದ್ದೆ. ಒಂದು ದಿನ ಕೆಸರಿನೊಳಗೆ ಇಟ್ಟಂಗಿ ತುಂಡಿತ್ತು. ಪಾದದ ಕೀಲು ಮುರಿದು ಆರು ವಾರ ಪ್ಲಾಸ್ಟರ್, ಪಗಾರವೂ ಇಲ್ಲ.

ಈಗ ಗಾಡಿಯ ಕಡೆ ಮುಖ ಮಾಡಿಯೇ ಇಳಿಯುತ್ತೇನೆ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ. ಯಾವಾಗಲೂ ಮೂರು ಗಾಡಿಗೆ ತಾಗಿರಬೇಕು. ಕೈಯಲ್ಲಿ ಮೊಬೈಲ್ ಇದ್ದರೆ ಆ ಲೆಕ್ಕ ಕೆಟ್ಟಿತು ಅಲ್ವಾ? ಊಟದ ಡಬ್ಬಿಯನ್ನು ಚೀಲದಲ್ಲಿ ಹಾಕಿ ಹಗ್ಗದಿಂದ ಇಳಿಬಿಡು.

ಜಾಯ್‌ಸ್ಟಿಕ್ ಹಿಡಿದು ಏಳಬೇಡ. ಜಾಯ್‌ಸ್ಟಿಕ್ ಕೆಲಸ ಮಾಡದಂತೆ ತಡೆಯುವ ಲಾಕ್ ಲಿವರ್ ಹಾಕಿರದಿದ್ದರೆ ಬೂಮ್, ಅಂದರೆ ಗಾಡಿಯ ಉದ್ದ ತೋಳು, ಸರ್ರನೆ ತಿರುಗುತ್ತದೆ, ಕೆಳಗೆ ಯಾರಿರುತ್ತಾರೋ. ಬಕೆಟ್ ನೆಲಕ್ಕೆ, ಲಾಕ್ ಲಿವರ್, ಇಂಜಿನ್ ಬಂದ್, ಆಮೇಲೆ ಇಳಿ. ಕ್ಯಾಬಿನ್ ಚೈನಿಗೆ ಅಡ್ಡವಾಗಿ ನಿಂತಿದ್ದರೆ ಬಾಗಿಲ ಕೆಳಗೆ ಕಾಲಿಡಲು ಜಾಗವೇ ಇರುವುದಿಲ್ಲ. ಇಂಜಿನ್ ಆರಿಸುವ ಮೊದಲೇ ಚೈನಿನ ನೇರಕ್ಕೆ ತಿರುಗಿಸಿಕೋ.

ಮೆಕ್ಯಾನಿಕ್, ಚಾಕಣ್: ಉಂಗುರ ಬಿಚ್ಚಿಡಿ. ಹಿಡಿಕೆಗೋ ಬೋಲ್ಟಿಗೋ ಸಿಕ್ಕಿಕೊಂಡು ಮೈಭಾರ ಬಿದ್ದರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ. ಇಷ್ಟೇ ನನ್ನ ಮಾತು.

ಟಿಪ್ಪರ್ ಚಾಲಕ, ಡಿಚೋಲಿ, ಗೋವಾ: ನಮ್ಮಲ್ಲಿ ಕೆಂಪು ಮಣ್ಣು. ಮಳೆಯಲ್ಲಿ ಬೂಟಿಗೆ ಮೆತ್ತಿದರೆ ಸೋಪಿನ ಹಾಗೆ. ಹತ್ತುವ ಮೊದಲು ಬೂಟು ಕೆರೆಯಲು ಹಳೇ ಬ್ರಷ್, ಹಿಡಿಕೆಯ ಗ್ರೀಸ್ ಒರೆಸಲು ಒಂದು ಅರಿವೆ ಇಟ್ಟಿದ್ದೇನೆ. ಕೆಲವರು ಟೈರ್ ತುಳಿದು ಹತ್ತುತ್ತಾರೆ. ಮೆಟ್ಟಿಲು ಸುಮ್ನೆ ಕೊಟ್ಟಿದ್ದಾರಾ?

ಕೇಳಿದವನು: ಅಣ್ಣಾ, ನಾನು ಇಷ್ಟು ದಿನ ಮುಖ ಹೊರಗೆ ಮಾಡಿ ಇಳಿಯುತ್ತಿದ್ದೆ. ಇವತ್ತು ನೀವು ಹೇಳಿದಂತೆ ತಿರುಗಿ ಇಳಿದೆ. ಜೊತೆಯವರು ನಕ್ಕರು. ಆದರೆ ಆಗಲೇ ನೋಡಿದ್ದು, ಕೆಳಗಿನ ಮೆಟ್ಟಿಲು ಒಂದು ಕಡೆ ಬಾಗಿದೆ.

ಆಪರೇಟರ್, ವಾಕಡ್: ನಗಲಿ ಬಿಡು. ಮೊದಲು ವೆಲ್ಡಿಂಗ್‌ನವನನ್ನು ಕರೆಸು.