ವಯಸ್ಕರ ಮೂಲಶಿಕ್ಷಣ: ನಾಲ್ಕನೆಯ ತರಗತಿಯ ಓದಿನ ಮಟ್ಟದಲ್ಲಿರುವವರನ್ನು ಜಿಇಡಿಗೆ ಹೇಗೆ ಸಿದ್ಧಪಡಿಸುವುದು?

ಸಂಜೆತರಗತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನ ವಯಸ್ಕರ ಮೂಲಶಿಕ್ಷಣ ವಿಭಾಗಕ್ಕೆ ಆರು ತಿಂಗಳಿಂದ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ. ವಾರಕ್ಕೆ ಎರಡು ಸಂಜೆ, ಮುಖ್ಯ ಶಿಕ್ಷಕರು ಪಾಠ ಮಾಡುವಾಗ, ನಾನು ಒಬ್ಬಿಬ್ಬರ ಪಕ್ಕದಲ್ಲಿ ಕುಳಿತು ಓದಿಸುತ್ತೇನೆ. ಅವರಲ್ಲಿ ನಲವತ್ತು ದಾಟಿದ ಒಬ್ಬ ಮಹಿಳೆ ಇದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದವರಾದ್ದರಿಂದ ಇಂಗ್ಲಿಷ್ ಮಾತಿಗೆ ಯಾವ ಕೊರತೆಯೂ ಇಲ್ಲ. ಆದರೆ ಪ್ರವೇಶದ ಸಮಯದಲ್ಲಿ ವಯಸ್ಕರ ಕಲಿಕೆಯ ಮಟ್ಟ ಅಳೆಯಲು ಕೊಟ್ಟ ಟೇಬ್ ಪರೀಕ್ಷೆಯಲ್ಲಿ ಅವರ ಓದಿನ ಮಟ್ಟ ನಾಲ್ಕನೆಯ ತರಗತಿಯ ಆಸುಪಾಸು ಎಂದು ಬಂದಿದೆ. ಆಸ್ಪತ್ರೆಯೊಂದರ ಸ್ವಚ್ಛತಾ ವಿಭಾಗದಲ್ಲಿ ಕೆಲಸ ಮಾಡುವ ಅವರು, ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಲು ಈ ವರ್ಷವೇ ಜಿಇಡಿ (ಪ್ರೌಢಶಾಲಾ ಪ್ರಮಾಣಪತ್ರಕ್ಕೆ ಸಮನಾದ ಪರೀಕ್ಷೆ) ಮುಗಿಸಬೇಕೆಂದು ಪಣ ತೊಟ್ಟಿದ್ದಾರೆ.

ಜಿಇಡಿ ತಯಾರಿಯ ಪುಸ್ತಕ ಅವರಿಗೆ ಬಹಳ ಕಷ್ಟವಾಗುತ್ತಿದೆ. ಉದ್ದದ ಪದ ಬಂದಾಗಲೆಲ್ಲ ಮೊದಲ ಒಂದೆರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ. ಬುನಾದಿ ಗಟ್ಟಿಯಾಗಲೆಂದು ನಾನು ಮಕ್ಕಳಿಗಾಗಿ ಬರೆದ ಒಂದು ಓದುವ ಪುಸ್ತಕವನ್ನು ತಂದುಕೊಟ್ಟೆ. ಅವರು ಎರಡು ಪುಟ ತಿರುವಿ, ಏನೂ ಹೇಳದೆ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಮುಂದಿನ ಎರಡು ತರಗತಿಗಳಿಗೆ ಬರಲಿಲ್ಲ. ನನ್ನಿಂದ ತಪ್ಪಾಯಿತೆಂದು ಮನಸ್ಸಿಗೆ ಬಹಳ ನೋವಾಗಿದೆ. ಜಿಇಡಿಗೆ ಇನ್ನೂ ಸಮಯ ಬೇಕು ಎಂದು ಅವರಿಗೆ ಹೇಳಬೇಕೇ? ಹೇಳುವುದಾದರೆ ಹೇಗೆ? ಅನುಭವಿಗಳು ದಯವಿಟ್ಟು ತಿಳಿಸಿ.

ಕಪ್ಪುಹಲಗೆ

ನಾನು ಹನ್ನೊಂದು ವರ್ಷಗಳಿಂದ ಇಂಥ ತರಗತಿಗಳಲ್ಲಿಯೇ ಪಾಠ ಮಾಡುತ್ತಿದ್ದೇನೆ. ಅಮೆರಿಕದ ವ್ಯವಸ್ಥೆಯಲ್ಲಿ ವಯಸ್ಕರ ಕಲಿಕೆಯನ್ನು ಆರು ಹಂತಗಳಾಗಿ ವಿಂಗಡಿಸಲಾಗಿದ್ದು, ನೀವು ಹೇಳಿದವರು ಮೂರನೆಯ ಹಂತದಲ್ಲಿ, ಎಂದರೆ ಶಾಲೆಯ ನಾಲ್ಕು-ಐದನೆಯ ತರಗತಿಗೆ ಸಮನಾದ ಮಟ್ಟದಲ್ಲಿ ಇದ್ದಾರೆ. ಆದರೆ ಮೌನವಾಗಿ ಓದಿ ಉತ್ತರಿಸುವ ಪರೀಕ್ಷೆಯ ಅಂಕವು ತೊಡಕು ಇದೆ ಎಂಬುದನ್ನಷ್ಟೇ ಹೇಳುತ್ತದೆ, ಅದು ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಒಂದೇ ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಪದಗಳನ್ನು ಬಿಡಿಸಿ ಓದಲು ಬಾರದಿರಬಹುದು, ಇನ್ನೊಬ್ಬರು ಸರಾಗವಾಗಿ ಓದಿಯೂ ಅರ್ಥ ಹಿಡಿಯಲಾರದೆ ಇರಬಹುದು.

ಆದ್ದರಿಂದ ಮೊದಲು ಅವರ ಒಪ್ಪಿಗೆ ಪಡೆದು, ಬೇರೆ ಯಾರೂ ಕೇಳಿಸಿಕೊಳ್ಳದ ಕಡೆ, ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಬಳಿಕ ಅದೇ ಮಟ್ಟದ ಇನ್ನೊಂದು ಪುಟವನ್ನು ನೀವೇ ಓದಿ ಹೇಳಿ ಪ್ರಶ್ನೆಗಳನ್ನು ಕೇಳಿ. ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದು, ಓದಿದ್ದಕ್ಕೆ ಬಾರದಿದ್ದರೆ, ತೊಡಕು ಪದವನ್ನು ಬಿಡಿಸುವಲ್ಲಿದೆ, ತಿಳಿವಳಿಕೆಯಲ್ಲಿ ಇಲ್ಲ. ನೀವು ವರ್ಣಿಸಿದ ಊಹೆಯ ಅಭ್ಯಾಸವೂ ನನಗೆ ಅದನ್ನೇ ಸೂಚಿಸುತ್ತದೆ.

ಕನ್ನಡದಲ್ಲಿ ಓದು ಕಲಿತ ನಮಗೆ ಈ ತೊಡಕು ಸುಲಭವಾಗಿ ಮನಸ್ಸಿಗೆ ಹಿಡಿಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾಗುಣಿತ ಬಂದವರು ಅರ್ಥ ಗೊತ್ತಿಲ್ಲದ ಪದವನ್ನೂ ಬಾಯಿಬಿಟ್ಟು ಓದಬಲ್ಲರು. ಇಂಗ್ಲಿಷಿನಲ್ಲಿ ‘ಒ-ಯು-ಜಿ-ಎಚ್’ ಎಂಬ ಅದೇ ನಾಲ್ಕು ಅಕ್ಷರಗಳು ‘ದೋ’, ‘ಥ್ರೂ’, ‘ಟಫ್’ ಎಂಬ ಮೂರು ಪದಗಳಲ್ಲಿ ಮೂರು ಬಗೆಯಾಗಿ ನುಡಿಯುತ್ತವೆ. ಇದನ್ನು ಬಾಲ್ಯದಲ್ಲಿ ಯಾರೂ ಬಿಡಿಸಿ ಹೇಳಿಕೊಡದಿದ್ದರೆ, ಊಹೆಯೊಂದೇ ಉಳಿಯುವ ದಾರಿ. ದಿನವೂ ಹದಿನೈದು ನಿಮಿಷ ಉದ್ದದ ಪದಗಳನ್ನು ತುಂಡುತುಂಡಾಗಿ ಓದಿಸಿ. ಅವರ ಕೆಲಸದ ಪದಗಳನ್ನೇ ಆರಿಸಿಕೊಳ್ಳಿ. ‘ಡಿಸ್‌ಇನ್ಫೆಕ್ಟೆಂಟ್’ (ಸೋಂಕುನಿವಾರಕ) ಎಂಬುದು ಅವರ ನಾಲಗೆಯಲ್ಲಿ ದಿನವೂ ಇರುವ ಪದ. ಅದನ್ನು ‘ಡಿಸ್’, ‘ಇನ್’, ‘ಫೆಕ್ಟ್’, ‘ಎಂಟ್’ ಎಂದು ಕಾಗದದ ಮೇಲೆ ಬಿಡಿಸಿ ತೋರಿಸಿದರೆ, ಅವೇ ತುಂಡುಗಳು ಇತರ ನೂರಾರು ಪದಗಳಲ್ಲಿಯೂ ಕಣ್ಣಿಗೆ ಬೀಳತೊಡಗುತ್ತವೆ.

ಹಳೆಯಪುಟ

ಮಕ್ಕಳ ಪುಸ್ತಕದ ವಿಷಯವಾಗಿ ಒಂದು ಮಾತು. ನೀವು ಮಾಡಿದ ತಪ್ಪನ್ನೇ ಈ ಕೆಲಸದಲ್ಲಿ ದೊಡ್ಡ ಹೆಸರಾದವರೂ ಮಾಡಿದ್ದಾರೆ. 1957ರ ಜನವರಿಯಲ್ಲಿ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಓದು ಬರಲೇಬೇಕೆಂಬ ಕಾನೂನಿದ್ದ ಕಾಲದಲ್ಲಿ, ಕಪ್ಪು ಜನಾಂಗದ ವಯಸ್ಕರಿಗಾಗಿ ಮೊದಲ ನಾಗರಿಕ ಶಾಲೆ ಆರಂಭವಾಯಿತು. ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಸೆಪ್ಟಿಮಾ ಕ್ಲಾರ್ಕ್ ಅವರ ಒತ್ತಾಯದಿಂದ ಅಲ್ಲಿ ಪಾಠಕ್ಕೆ ನಿಂತವರು ಬರ್ನಿಸ್ ರಾಬಿನ್ಸನ್. ಅವರು ಶಿಕ್ಷಕಿಯಲ್ಲ, ಕೇಶಾಲಂಕಾರದ ವೃತ್ತಿಯವರು. ಮೊದಲಿಗೆ ಪ್ರಾಥಮಿಕ ಶಾಲೆಯ ಪಾಠಸಾಮಗ್ರಿಯನ್ನೇ ತಂದರು. ಅದು ಈ ಜನರಿಗೆ ತೀರ ಎಳಸಾಯಿತೆಂದು ಬೇಗನೆ ಕಂಡುಕೊಂಡು ಬದಿಗಿಟ್ಟರು. ಬಳಿಕ, ನೀವು ಏನು ಕಲಿಯಬೇಕೆಂದಿದ್ದೀರಿ ಎಂದು ಬಂದವರನ್ನೇ ಕೇಳಿದರು. ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ನಮೂನೆ ತುಂಬಬೇಕು, ಮತದಾರರ ನೋಂದಣಿಗೆ ಬೇಕಾದ ಕಾನೂನಿನ ಭಾಗವನ್ನು ಓದಬೇಕು ಎಂದು ಉತ್ತರ ಬಂತು. ಪಾಠ ಆ ಉತ್ತರಗಳಿಂದಲೇ ಬೆಳೆಯಿತು.

ಇನ್ನೂ ಹಿಂದೆ, 1911ರಲ್ಲಿ, ಕೆಂಟಕಿಯಲ್ಲಿ ಕೋರಾ ವಿಲ್ಸನ್ ಸ್ಟೂವರ್ಟ್ ಬೆಳದಿಂಗಳ ರಾತ್ರಿಗಳಲ್ಲಿ ವಯಸ್ಕರ ಶಾಲೆ ನಡೆಸಿದಾಗ, ಮಕ್ಕಳ ಬಾಲಬೋಧೆಯನ್ನು ಕೈಗೆ ಕೊಟ್ಟರೆ ಜನ ಸಂಕೋಚಪಟ್ಟಾರೆಂದು ಒಂದು ಪುಟ್ಟ ಪತ್ರಿಕೆಯನ್ನೇ ಅಚ್ಚು ಮಾಡಿಸಿದ್ದರು. ವಾಕ್ಯಗಳು ಚಿಕ್ಕವು, ಸುದ್ದಿ ಮಾತ್ರ ದೊಡ್ಡವರದು.

ಆ ಮಹಿಳೆ ಹಿಂದಿರುಗಿದಾಗ ಕ್ಷಮೆ ಕೇಳಿ. ಒಂದೇ ವಾಕ್ಯ ಸಾಕು, ಸುದೀರ್ಘ ವಿವರಣೆ ಬೇಡ. ಬಾರದಿದ್ದರೆ ಕಾಲೇಜಿನ ಕಚೇರಿಯ ಮೂಲಕ ಒಂದು ಕರೆ ಮಾಡಿಸಿ.

ಲೆಕ್ಕದಮೇಷ್ಟ್ರು

ಜಿಇಡಿಗೆ ಇನ್ನೂ ಸಮಯ ಬೇಕು ಎಂದು ಒಟ್ಟಾಗಿ ಹೇಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಒಂದು ಪರೀಕ್ಷೆಯಲ್ಲ, ನಾಲ್ಕು: ಭಾಷೆ, ಗಣಿತ, ಸಮಾಜ ವಿಜ್ಞಾನ, ವಿಜ್ಞಾನ. ಒಂದೊಂದನ್ನೂ ಬೇರೆಬೇರೆ ದಿನ ಬರೆಯಬಹುದು. ಪ್ರತಿಯೊಂದಕ್ಕೂ 145 ಅಂಕ ಬಂದರೆ ಉತ್ತೀರ್ಣ. ಮುಗಿಸಿದ್ದನ್ನು ಮತ್ತೆ ಬರೆಯಬೇಕಾಗಿಲ್ಲ. ಅವರ ಲೆಕ್ಕ ಓದಿಗಿಂತ ಚೆನ್ನಾಗಿದ್ದರೆ ಗಣಿತದಿಂದ ಆರಂಭಿಸಿ, ಓದಿನ ಕೆಲಸವನ್ನು ಜೊತೆಯಲ್ಲಿಯೇ ಮುಂದುವರಿಸಬಹುದು. ಗಣಿತದಲ್ಲಿಯೂ ವಾಕ್ಯರೂಪದ ಲೆಕ್ಕಗಳು ಬಹಳ ಇರುವುದರಿಂದ ಓದಿನ ಅಭ್ಯಾಸ ಅಲ್ಲಿಯೂ ನೆರವಾಗುತ್ತದೆ.

ಎರಡು ಸಂಗತಿಗಳನ್ನು ಇಂದೇ ವಿಚಾರಿಸಿ. ಆ ಹುದ್ದೆಗೆ ನಿಜವಾಗಿ ಏನು ಬೇಕೆಂದು ಪ್ರಕಟಣೆಯನ್ನೇ ನೋಡಿ. ಕೇಳಿದ ಮಾತಿಗೂ ಬರೆದ ನಿಯಮಕ್ಕೂ ವ್ಯತ್ಯಾಸವಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಎರಡನೆಯದಾಗಿ, ವೃತ್ತಿ ತರಬೇತಿಯೊಂದಿಗೆ ಮೂಲಶಿಕ್ಷಣವನ್ನು ಬೆಸೆದ ತರಗತಿ ನಿಮ್ಮ ಕಾಲೇಜಿನಲ್ಲಿದೆಯೇ ಎಂದು ಕೇಳಿ. ವಾಷಿಂಗ್ಟನ್ ರಾಜ್ಯದ ಕಾಲೇಜುಗಳಲ್ಲಿ ‘ಐ-ಬೆಸ್ಟ್’ ಎಂಬ ಹೆಸರಿನಲ್ಲಿ ಇದು ನಡೆಯುತ್ತದೆ; ವೃತ್ತಿ ಕಲಿಸುವವರೊಬ್ಬರು, ಓದು-ಬರಹ ಕಲಿಸುವವರೊಬ್ಬರು, ಇಬ್ಬರೂ ಸೇರಿ ಪಾಠ ಮಾಡುತ್ತಾರೆ. ಅರ್ಹವಾದ ವೃತ್ತಿಪಥದ ಕಾರ್ಯಕ್ರಮಕ್ಕೆ ಸೇರಿದವರು, ಪ್ರೌಢಶಾಲಾ ಪ್ರಮಾಣಪತ್ರ ಇಲ್ಲದಿದ್ದರೂ, ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅಥವಾ ಆರು ಕ್ರೆಡಿಟ್‌ಗಳನ್ನು ಮುಗಿಸಿದರೆ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಜಿ ಹಾಕುವ ಅವಕಾಶವಿದೆ. ಇದನ್ನು ತಿಳಿಯದೆ ಹಿಂದೆ ಸರಿದವರು ಬಹಳ ಮಂದಿ.

ಸಂಜೆತರಗತಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಅವರು ಬಂದಿದ್ದರು. ಕ್ಷಮೆ ಕೇಳಿದೆ, ತಮ್ಮ ಮಗಳು ಚಿಕ್ಕವಳಿದ್ದಾಗ ಅಂಥದೇ ಪುಸ್ತಕವನ್ನು ಓದಿ ಹೇಳಲಾಗದೆ, ಚಿತ್ರ ನೋಡಿ ಕಥೆ ಕಟ್ಟಿ ಹೇಳುತ್ತಿದ್ದುದಾಗಿ ಅವರು ಮೆಲ್ಲನೆ ಹೇಳಿದರು. ಆಮೇಲೆ ನಾನು ಓದಿ ಹೇಳಿದ ಪುಟದ ಎಲ್ಲ ಪ್ರಶ್ನೆಗಳಿಗೂ ತಡವರಿಸದೆ ಉತ್ತರಿಸಿದರು. ತಾವೇ ಓದಿದ ಪುಟದಲ್ಲಿ ಅರ್ಧಕ್ಕೆ ನಿಂತರು. ತೊಡಕು ಎಲ್ಲಿದೆ ಎಂಬುದು ಇಬ್ಬರಿಗೂ ಒಟ್ಟಿಗೆ ಕಂಡಿತು. ಮೊದಲು ಏನು ಓದಬೇಕೆಂದು ಕೇಳಿದ್ದಕ್ಕೆ, ದಿನವೂ ಬಳಸುವ ರಾಸಾಯನಿಕಗಳ ಸುರಕ್ಷತಾ ಸೂಚನೆಗಳು ಎಂದರು. ಹುದ್ದೆಯ ಪ್ರಕಟಣೆಯ ಪ್ರತಿಯನ್ನೂ ಗುರುವಾರ ತರುತ್ತಾರೆ. ಎರಡನ್ನೂ ಮುಂದಿಟ್ಟುಕೊಂಡು ಆರಂಭಿಸುತ್ತೇವೆ.